ಹನ್ನೆರಡು ಮಾರು

ನಮ್ಮಜ್ಜ ಗುತ್ತೆಪ್ಪ ಬ್ಯಾಟಿ ಬಿಟ್ಟು ಮೂವತ್ತು ವರ್ಷಾದ ಮ್ಯಾಲೂ
ಯಾರರ ಅಂಗಳಕ್ಕ ಬಂದು ನಿಂತ್ರ
ಮೊದಲು ಕಣ್ಣಾಗ ಅಳೀತಿದ್ದ.
ಎಂಟು ಮಾರು. ಹತ್ತು. ಹನ್ನೆರಡು.
ಆಮ್ಯಾಲೆ "ಬಾರಪಾ, ಕುಂದರು" ಅಂತಿದ್ದ.

ಹನ್ನೆರಡರ ಆಚೆ ಹೆದಿ ಎಳಿಯಬಾರದು.
ಇದು ಅವನ ಮಾತಲ್ಲ, ಅವರಪ್ಪಂದೂ ಅಲ್ಲ.
ರಾಣೇಬೆನ್ನೂರ ದಾಟಿ, ಹುಲಿಹಳ್ಳಿ ಆಚೆಯ ಬಯಲಾಗ
ಒಂದು ಹೆಣ್ಣು ಚಿಗರಿ ಕಲಿಸಿದ್ದು.

ಅವತ್ತು ಇಪ್ಪತ್ತು ಮಾರು ಇತ್ತಂತ.
ತೋಳಾಗ ಹರೇದ ಕಸುವು, ಗಾಳಿ ಎದುರಿಗೆ,
ಕುಸುಬಿ ಹೊಲದ ಬದುವಿನ ಮ್ಯಾಲೆ ಅದು ಅಡ್ಡ ನಿಂತಿತ್ತು
ಮೈ ಪೂರಾ ತೋರಿಸಿ.
ಮುಟ್ಟತೈತಿ ಅನ್ನಿಸ್ತು. ಮುಟ್ತು ಸೈತ.
ಆದರ ಹೆದಿಯ ಸದ್ದು ಬಾಣಕಿಂತ ಮೊದಲು ಹೋಗಿ
ಅದರ ಕಿವ್ಯಾಗ ಹೇಳಿಬಿಟ್ಟಿತ್ತು.
ಅದು ಕುಗ್ಗಿ, ತಿರುಗಿ, ನೆಗೆಯೂದರಾಗ
ಎದಿಗಂತ ಹೊಂಟದ್ದು ಹೊಟ್ಟಿಗೆ ನಟ್ತು.

ಎರಡು ದಿನ ನಡದಾನ.
ರಕ್ತ ಮೊದಲು ಎಲಿ ಮ್ಯಾಲೆ, ಆಮ್ಯಾಲೆ ಹುಲ್ಲಿನ ತುದಿಗೆ,
ಆಮ್ಯಾಲೆ ಬರೇ ಹಸರು ರಸ, ವಾಸನಿ.
ಮೂರನೇ ದಿನ ಹಳ್ಳದ ಮಳಲಾಗ ಗೊರಸಿನ ಗುರುತು ಸಿಕ್ಕವು.
ಚಿಗರಿ ಸಿಗಲಿಲ್ಲ.
"ಸತ್ತದ್ದು ನೋಡಿದ್ರ ಉಂಡು ಮರೀತಿದ್ದೆ" ಅಂತಿದ್ದ
ತಂಬಾಕಿನ ಚೀಲ ಬಿಚ್ಚಿಕೋತ, ಬಿಚ್ಚಿದ್ದು ಮತ್ತ ಕಟ್ಟಿಕೋತ.

ಅಲ್ಲಿಂದ ಬೂದ್ಯಾ ಅನ್ನೂ ಎತ್ತಿನ ಮರಿಯಾಗ ನಡಿಯಾಕ ಕಲತ.
ಎತ್ತು ಮೇಯತೈತಿ, ಅಜ್ಜ ಅದರ ಭುಜದ ಹಿಂದ.
ಅದೊಂದು ಹೆಜ್ಜಿ, ಇವನೊಂದು ಹೆಜ್ಜಿ.
ಹಿಂಡು ತಲಿ ಎತ್ತಿದ್ರ ಇಬ್ರೂ ನೆಲ ನೋಡ್ಕೋತ ನಿಲ್ಲೂದು.
ಹನ್ನೆರಡಕ್ಕ ಬಂದ್ರ ಮೆಲಕು ಹಾಕೂ ದವಡಿ ಕಾಣತೈತಿ.
ಕಂಡ ಮ್ಯಾಲೂ ಅಡ್ಡ ನಿಂತಿದ್ರಷ್ಟ.
ಮಾರಿ ಇತ್ತಾಗಿದ್ರ ಇಲ್ಲ, ಬೆನ್ನಿದ್ರ ಇಲ್ಲ,
ಹೊಟ್ಟ್ಯಾಗ ಮರಿ ಇದ್ರ ಮನೀಗೆ ಹೋಗೂದು.

ಮುಂಜಾನಿಂದ ಮಧ್ಯಾಹ್ನದ ತನ ನಡದು
ಹದಿಮೂರಕ್ಕ ನಿಂತಾಗ ಹಿಂಡು ಚದುರಿದ ದಿನ ಬಾಳ.
ಅಂಥಾ ರಾತ್ರಿ ಬರೇ ಪುಂಡಿಪಲ್ಲೆ.
"ಹದಿಮೂರಕ್ಕ ಬಿಟ್ಟಿದ್ರ ಏನಾಕ್ಕಿತ್ತು?" ನಾ ಒಮ್ಮೆ ಕೇಳಿದೆ.
ಅಜ್ಜಿ ಹಂಚಿನ ಮುಂದ ಕುಂತಾಕಿ ತಿರುಗಲಿಲ್ಲ:
"ನಾನೂ ಕೇಳೀನಿ. ನಿನಗಿಂತ ಹಸದಿದ್ದೆ."
ಅಜ್ಜ ಗೋದ್ಲಿ ಕಡೆ ನೋಡಿದ,
ಬೂದ್ಯಾ ಸತ್ತು ಯಾವ ಕಾಲಾಗಿತ್ತೋ.

ಕಾನೂನು ಬಂದಾಗ
ಬಿಲ್ಲು ಕೋಳಿಗೂಡಿನ ಬಾಗಿಲಾತು.
ಗಾರ್ಡ್ ಬಂದು ಬಾಣ ಎಣಿಸಿಕೊಂಡು ಒಯ್ದ, ಹನ್ನೊಂದು.
ಅಜ್ಜ ರಸೀದಿ ಕೇಳಿದ.

ನಾನೀಗ ಹುಬ್ಬಳ್ಳಿ-ಧಾರವಾಡದ ನಡುವ ಚಿಗರಿ ಓಡಸ್ತೀನಿ.
ಬಸ್ಸಿಗೆ ಆ ಹೆಸರಿಟ್ಟವರು ಯಾರೋ.
ಒಳಗ ತಂಪು ಹವಾ, ನಮಗಂತ ಬ್ಯಾರೆ ಹಾದಿ,
ಅಡ್ಡ ಯಾರೂ ಬರೂ ಹಂಗಿಲ್ಲ.
ಬರತಾರ.
ಮೊನ್ನೆ ಉಣಕಲ್ಲ ದಾಟಿದ ಮ್ಯಾಲೆ ಕಬ್ಬಿಣದ ಬೇಲಿ ಹಾರಿ
ಒಬ್ಬ ಹುಡುಗ ನಡುಹಾದ್ಯಾಗ ನಿಂತ,
ಕಿವಿಗೆ ಮೊಬೈಲು, ನನ್ನ ಕಡೆ ಬೆನ್ನು.
ಕಾಲು ಬ್ರೇಕಿಗೆ ಹೋಗೂದಕಿಂತ ಮೊದಲು
ಕಣ್ಣು ಎಣಸಾಕ ಹತ್ತಿತ್ತು. ಹದಿನೆಂಟು. ಹದಿನಾರು.
ಹಾರ್ನ್ ಹೊಡದೆ. ಸದ್ದು ನನಗಿಂತ ಮುಂದ ಹೋಗಿ ಅವಗ ಹೇಳ್ತು.
ಅವ ಎತ್ತಾಗೂ ಓಡಲಿಲ್ಲ, ಕುಗ್ಗಿ ಅಲ್ಲೇ ಕುಂತುಬಿಟ್ಟ.
ಬಸ್ಸು ನಿಂತಾಗ ನಡುವ ಉಳದದ್ದು ಎರಡು ಮಾರು,
ಹೆಚ್ಚಂದ್ರ ಎರಡೂವರಿ.
ಎದ್ದ, ಚಪ್ಪಲಿ ಹುಡುಕಿ ಹಾಕ್ಕೊಂಡ,
ನನ್ನ ಬೈದು ಹೋದ.

ಡಿಪೋದಾಗ ಕೇಳ್ತಾರ, ನಿನ್ನ ಗಾಡಿ ಯಾಕ ದಿನಾ ನಾಕು ನಿಮಿಷ ತಡ?
ಎತ್ತಿನ ಹಿಂದ ನಡದ ಮನಿಯಾವ ಅಂತ ಹ್ಯಾಂಗ ಬರೀಲಿ
ಅಷ್ಟು ಸಣ್ಣ ಚೌಕದಾಗ.
ಸಿಗ್ನಲ್ ಅಂತ ಬರದು
ಸಹಿ ಮಾಡ್ತೀನಿ.